ಸೈಕಲ್ ಚೆಲುವಯ್ಯನ ಮಣ್ಣು

ಸೀಮೆಎಣ್ಣೆ ಅದ್ದಿದ ಬಟ್ಟೆ ಹಿಡಿದು ಪುಟ್ಟಗೌರಮ್ಮ ಸತ್ತ ಗಂಡನ ಬೆರಳುಗಳನ್ನು ತಿಕ್ಕುತ್ತಿದ್ದಳು. ಹೆಬ್ಬೆರಳಿನ ಉಗುರ ಸಂದಿಯಲ್ಲಿ ಕೂತ ಮಸಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಬುಡು ಗೌರಮ್ಮ, ಎಷ್ಟು ತಿಕ್ಕೀಯೆ? ನೀರು ಕಾದೈತೆ" ಎಂದ ದೊಡ್ಡಹನುಮಯ್ಯ. ತೀರಿಕೊಂಡವನ ಅಣ್ಣ ಅವನು.

"ಇರು ಭಾವ. ಧಾರೆ ದಿವ್ಸಾನೂ ಈ ಕೈ ಹಿಂಗೇ ಇತ್ತು. ಮೇಲಿಂದ ಹಾಲು ಬುಟ್ರೆ ಕೆಳಗೆ ಕರ್ರಗೆ ಇಳೀತು. ನಮ್ಮಪ್ಪ, ಅಳಿಮಯ್ಯಂದು ಇದ್ದಿಲು ವ್ಯಾಪಾರವಾ ಅಂತ ಕೇಳ್ದ. ಅಲ್ಲಿ ಮೇಲಿರೋರಾದ್ರೂ ಒಸಿ ಬೆಳ್ಳಗಿರೋ ಕೈ ನೋಡ್ಲಿ."

ದೊಡ್ಡಹನುಮಯ್ಯ ನಗಬೇಕೋ ಅಳಬೇಕೋ ತಿಳಿಯದೆ ಟವಲಿನಲ್ಲಿ ಮುಖ ಒರೆಸಿಕೊಂಡ.

ಬೆಳಗ್ಗೆ ಅಂಗಡಿ ಬಾಗಿಲು ತೆಗೆದು, ಗಾಳಿ ಪಂಪು ಹೊರಗಿಟ್ಟು, ಕಲ್ಲುಬೆಂಚಿನ ಮೇಲೆ ಕೂತ ಚೆಲುವಯ್ಯ ಕೂತಂತೆಯೇ ಹೋಗಿದ್ದ. ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯ ಕವಲಿನಲ್ಲಿ ಅವನ ಸೈಕಲ್ ಶಾಪು. ಅದರ ಬೆನ್ನಿಗೇ ಮನೆ. ಮನೆಯ ಹಿಂದೆ, ಬಂಡೆಗಳ ನಡುವೆ ಏರಿಹೋಗುವ ಇಳಿಜಾರಿನಲ್ಲಿ ಅವರ ಹೊಲ. ಗುಂಡಿಯನ್ನು ಅಲ್ಲೇ ತೋಡಿ ಆಗಿತ್ತು. ತೋಡಿದವರು ದೊಡ್ಡಹನುಮಯ್ಯ ಮತ್ತು ಎದುರಿನ ಮೋಟಾರ್ ಸೈಕಲ್ ಗ್ಯಾರೇಜಿನ ಮುಕ್ತಿಯಾರ್, ಇಬ್ಬರೇ.

ಚಟ್ಟ ಕಟ್ಟಿಯೂ ಆಗಿತ್ತು. ಹೊರುವವರು ಇರಲಿಲ್ಲ.

ಸುತ್ತಿನ ಊರುಗಳವರೆಲ್ಲ ಈ ಸಲ ಒಂದೇ ಕಡೆಯಿಂದ ರೇಷ್ಮೆ ಮರಿ ತಂದಿದ್ದರು. ಹಾಗಾಗಿ ಎಲ್ಲರ ಮನೆಯಲ್ಲೂ ಹುಳ ಒಟ್ಟಿಗೇ ಹಣ್ಣಾಗಿ ಕೂತಿದ್ದವು. ಹಣ್ಣಾದ ಹುಳವನ್ನು ಆವತ್ತೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ತಟ್ಟೆಯಲ್ಲೇ ನೂಲು ಕಕ್ಕಿ ಬೆಳೆ ಮಣ್ಣುಪಾಲು. ಹೆಣ ಮುಟ್ಟಿದವರೋ, ತಲೆಗೆ ಎಷ್ಟು ನೀರು ಹೊಯ್ದುಕೊಂಡರೂ, ಆವತ್ತು ಹುಳದ ಮನೆಗೆ ಕಾಲಿಡುವಂತಿಲ್ಲ.

"ಹುಳ ಇಲ್ದಿದ್ರೂ ಯಾರು ಬತ್ತಿದ್ರು ಹೇಳು?" ಎಂದ ದೊಡ್ಡಹನುಮಯ್ಯ. "ನಿನ್ ಗಂಡ ಯಾರ ಮನೇಲಿ ಮಾತು ಉಳಿಸ್ಕೊಂಡಿದ್ದ? ಒಬ್ಬೊಬ್ರು ಮೋಟಾರು ಗಾಡಿ ತಗೊಂಡಂಗೂ ಒಬ್ಬೊಬ್ರ ಕುಟ್ಟೆ ಮಾತು ಬುಟ್ಟ."

"ಹೂಂ ಮತ್ತೆ. ಕೊನೆಗೆ ಅವನು ಮಾತಾಡ್ತಿದ್ದದ್ದು ನನ್ ಕುಟ್ಟೆ, ಗುಡೀಲಿರೋ ಹನುಮಂತರಾಯನ ಕುಟ್ಟೆ. ಹನುಮಂತರಾಯ ಒಂದು ಲೂನಾ ತಗೊಂಡಿದ್ರೆ ಅವನ್ನೂ ಬುಡ್ತಿದ್ದ. ಆದ್ರೂ ಬತ್ತಾರೆ ಭಾವ. ಜನ ಹೆಂಗೆ ಬತ್ತಾರೆ ಅಂದ್ರೆ, ನಿಂತ್ಕೊಳಾಕೆ ನಿಂಗೇ ಜಾಗ ಇರಲ್ಲ ನೋಡ್ತಿರು."

ಅಷ್ಟರಲ್ಲಿ ರಸ್ತೆಯ ಆಚೆ ಬದಿಯಲ್ಲಿ ಒಂದು ಲೂನಾ ನಿಂತಿತು. ಪಕ್ಕದೂರಿನ ಕರಿಯಯ್ಯ, ಹಿಂದೆ ಅವನ ಹೆಂಡತಿ ಮುನಿತಾಯಮ್ಮ. ಚಂದ್ರಿಕೆ ಸಾಲದೆ, ಇನ್ನಷ್ಟನ್ನು ಬಾಡಿಗೆಗೆ ಗೊತ್ತುಮಾಡಲು ಹೊರಟಿದ್ದರು. ಮುನಿತಾಯಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಲ್ಲಿಂದಲೇ ಗೋಳೋ ಎಂದಳು.

"ಅಕ್ಕಾ, ಹತ್ರ ಬರಂಗಿಲ್ಲ ಕಣಕ್ಕಾ! ಹುಳ ಹಣ್ಣಾಗ್ಬುಟ್ಟವೆ!"

"ಅಲ್ಲೇ ನಿಂತ್ಕೊಂಡು ಅಳು ತಾಯಿ, ಚೆನ್ನಾಗಿ ಕೇಳ್ತೈತೆ" ಎಂದು ಪುಟ್ಟಗೌರಮ್ಮ ಈಚೆಯಿಂದ ಕೂಗಿದಳು. "ನಿನ್ ಗಂಟಲಿಗೆ ಕುಣಿಗಲ್‌ನೋರೂ ಎದ್ದು ಕೂತವ್ರೆ."

ಕರಿಯಯ್ಯ ಕಲ್ಲುಬೆಂಚಿನ ಕಡೆ ನೋಡಿದ, ತಲೆ ತಗ್ಗಿಸಿದ. "ಗೌರಕ್ಕ, ಅವನಿಗೆ ಒಸಿ ಹೇಳು" ಎಂದವನು, ಏನು ಹೇಳಬೇಕೆಂದು ತೋಚದೆ ಲೂನಾ ಏರಿ ಹೊರಟುಹೋದ.

*

ಚೆಲುವಯ್ಯನಿಗೆ ಹೇಳಬೇಕಾದ್ದನ್ನು ಪುಟ್ಟಗೌರಮ್ಮನ ಬಾಯಲ್ಲಿ ಹೇಳಿಸುವುದು ಕರಿಯಯ್ಯನಿಗೆ ಅಭ್ಯಾಸವಾಗಿ ಹೋಗಿತ್ತು.

ಗೂಡಿಗೆ ಬಂಗಾರದ ಬೆಲೆ ಬರುವ ಮುಂಚೆ ಆ ರಸ್ತೆಯಲ್ಲಿ ಸೈಕಲ್ಲಿನದೇ ದರ್ಬಾರು. ಗೂಡಿನ ಮೂಟೆ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಸಾಲಿನ ಮೊದಲನೆಯವನು ರಾಮನಗರದಲ್ಲಿ ಗೂಡು ಸುರಿಯುವಾಗ ಕೊನೆಯವನು ಮಾಗಡಿಯಲ್ಲಿ ಇನ್ನೂ ಹಲ್ಲುಜ್ಜುತ್ತಿರುತ್ತಿದ್ದ ಎಂಬುದು ಪುಟ್ಟಗೌರಮ್ಮನ ಲೆಕ್ಕ. ಮೂಟೆ ಜಾರದ ಹಾಗೆ ಕಬ್ಬಿಣದ ಪಟ್ಟಿ ಕೂರಿಸಿ ಅಗಲವಾದ ಕ್ಯಾರಿಯರ್ ಮಾಡಿಕೊಡುತ್ತಿದ್ದವನು ಚೆಲುವಯ್ಯ. ಬಾಡಿಗೆ ಸೈಕಲ್ ಬೇಕಾದರೆ ಹಿಂದಿನ ದಿನವೇ ಹೇಳಿಡಬೇಕಿತ್ತು.

ಆಮೇಲೆ ಬೆಲೆ ಏರಿತು. ಹೆಂಚಿನ ಮನೆಗಳು ತಾರಸಿಯಾದವು. ಮನೆಗೊಂದು ಲೂನಾ, ಜೋರಾಗಿದ್ದವರ ಮನೆಗೆ ಬುಲೆಟ್ಟು. ಬಾಡಿಗೆ ಸೈಕಲ್ಲುಗಳಿಗೆ ಜೇಡ ಬಲೆ ಕಟ್ಟಿತು.

"ಕಾಕಾ, ನೀವೂ ಇಂಜಿನ್ ಕೆಲ್ಸ ಕಲೀರಿ, ಇಬ್ರೂ ಸೇರಿ ಮಾಡೋಣ" ಎಂದು ಮುಕ್ತಿಯಾರ್ ಕರೆದಿದ್ದ.

"ಎಣ್ಣೆ ಕುಡಿಯೋ ಗಾಡಿಗೆ ನಾನು ಕೈ ಇಕ್ಕಲ್ಲ" ಎಂದಿದ್ದ ಚೆಲುವಯ್ಯ. ಟೈರು ಮಾತ್ರ ಬೇರೆ. ಟೈರಿಗೆ ಬೇಕಾದದ್ದು ಗಾಳಿ. ಗಾಳಿ ಅವನ ಕಸುಬು.

ಹೀಗಾಗಿ ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಕರಿಯಯ್ಯ ಲೂನಾವನ್ನು ಮೂಟೆಯ ಸಮೇತ ತಳ್ಳಿಕೊಂಡು ಬಂದು ಅಂಗಡಿ ಮುಂದೆ ನಿಂತ. ಹಿಂದಿನ ಚಕ್ರ ಪಂಚರು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಸ್ನೇಹಿತರು. ಮಾತು ಬಿಟ್ಟು ವರ್ಷ ದಾಟಿತ್ತು. ಚೆಲುವಯ್ಯ ಪುಟ್ಟಗೌರಮ್ಮನನ್ನು ಕೂಗಿದ.

"ಗೌರಾ, ಆವಯ್ಯಂಗೆ ಹೇಳು, ಮೂಟೆ ಇಳಿಸು ಅಂತ."

"ಕೇಳಿಸ್ತಾ ಕರಿಯಣ್ಣ? ಮೂಟೆ ಇಳಿಸ್ಬೇಕಂತೆ."

"ಗೌರಕ್ಕ, ಇವನಿಗೆ ಹೇಳು, ಮಾರ್ಕೆಟ್ಟಿಗೆ ಹೊತ್ತಾಯ್ತದೆ."

"ಹೊತ್ತಾಯ್ತದಂತೆ. ನಾನೇನು ಇಲ್ಲಿ ಟೆಲಿಫೋನ್ ಕಂಬ್ವೇನ್ರಪ್ಪಾ? ಇಬ್ರೂ ಮೂತಿ ಎದುರಿಗೇ ಮೂತಿ ಇಟ್ಕೊಂಡಿದ್ದೀರಿ!"

ಚೆಲುವಯ್ಯ ಟ್ಯೂಬು ಬಿಚ್ಚಿ, ನೀರಿನಲ್ಲಿ ಅದ್ದಿ, ತೂತು ಹುಡುಕಿ, ತೇಪೆ ಹಾಕಿ, ಗಾಳಿ ತುಂಬಿದ. ಮೂಟೆಯನ್ನು ತಾನೇ ಎತ್ತಿಟ್ಟು ಹಗ್ಗ ಬಿಗಿದ. ಹಿಂದೆ ಸರಿದು ನೋಡಿ, ಮತ್ತೆ ಬಿಚ್ಚಿ, ಮತ್ತೆ ಬಿಗಿದ.

"ಗೌರಾ, ಹೇಳು. ಮೂಟೆ ಎಡಕ್ಕೆ ವಾಲೈತೆ. ಇಳಿಜಾರಲ್ಲಿ ಹುಷಾರು ಅಂತ."

*

ಮಧ್ಯಾಹ್ನ ತಿರುಗಿತು. ಮೀಯಿಸಿ, ಬಿಳಿ ಬಟ್ಟೆ ಹೊದಿಸಿ, ಚಟ್ಟದ ಮೇಲೆ ಮಲಗಿಸಿದ್ದ ಚೆಲುವಯ್ಯನ ಸುತ್ತ ಇದ್ದವರು ನಾಲ್ಕೇ ಜನ ಮುದುಕಿಯರು. ರಸ್ತೆ ಖಾಲಿ ಹೊಡೆಯುತ್ತಿತ್ತು.

"ನಾನೊಬ್ಬ, ಮುಕ್ತಿಯಾರ್ ಒಬ್ಬ. ಇಬ್ರು ಹೊರೋಕಾಯ್ತದಾ ಆ ಬಂಡೆ ದಾರೀಲಿ?" ಎಂದ ದೊಡ್ಡಹನುಮಯ್ಯ. "ಹೊತ್ತು ಮುಳುಗಿದ್ ಮೇಲೆ ಮಣ್ಣು ಮಾಡೋ ಹಂಗಿಲ್ಲ. ರಾತ್ರಿಯೆಲ್ಲ ಹಿಂಗೇ ಇಟ್ಕೊಂಡಿರ್ಬೇಕಾಯ್ತದೆ."

ಮುಕ್ತಿಯಾರ್ ಗಂಟಲು ಸರಿಮಾಡಿಕೊಂಡ. "ಅಕ್ಕಾ, ನಮ್ ಭಾವಂದು ಟೆಂಪೋ ಐತೆ. ಸುತ್ತು ದಾರೀಲಿ ಹೊಲದ ಮೇಲ್ಗಡೆ ಗಂಟ ಹೋಯ್ತದೆ. ತರ್ಲಾ?"

"ತರ್ತೀಯಾ? ತಾರಪ್ಪ. ನೀನು ಸ್ಟಾರ್ಟ್ ಮಾಡ್ತಿದ್ದಂಗೇ ಇವನು ಎದ್ದು, ಇಳಿದು, ಗುಂಡಿಗೆ ನಡ್ಕೊಂಡೇ ಹೋಯ್ತಾನೆ. ಆಮೇಲೆ ನಿನ್ ಕುಟ್ಟೆ ಉಳಿದಿರೋ ಮಾತೂ ಬುಡ್ತಾನೆ."

ಮುಕ್ತಿಯಾರ್ ನಕ್ಕುಬಿಟ್ಟ. ಆದರೆ ದೊಡ್ಡಹನುಮಯ್ಯ ನಗಲಿಲ್ಲ. "ಹಟ ಬುಡು ಗೌರಮ್ಮ. ಯಾರೂ ಬರಲ್ಲ."

"ಬತ್ತಾರೆ ಅಂದ್ನಲ್ಲ" ಎಂದಳು ಪುಟ್ಟಗೌರಮ್ಮ. ಈ ಸಲ ಅದಕ್ಕೆ ಬಾಲ ಸೇರಿಸಲಿಲ್ಲ. ಎದ್ದು ಅಂಗಡಿಯ ಮುಂದೆ ಹೋಗಿ, ಸೆರಗು ಬಿಗಿದುಕೊಂಡು, ರಸ್ತೆಗೆ ಮುಖ ಮಾಡಿ ನಿಂತಳು. ಬಂಡೆಗಳ ನೆರಳು ರಸ್ತೆ ದಾಟಿತು, ಗ್ಯಾರೇಜಿನ ಗೋಡೆ ಹತ್ತಿತು, ಮಾಡಿನ ಮೇಲಿಂದ ಮಾಯವಾಯಿತು. ಗುಡ್ಡದ ಹಿಂದೆ ಸೂರ್ಯ ಇಳಿದ.

ಮೊದಲು ಸದ್ದು ಬಂತು. ಮಾಗಡಿಯ ಕಡೆಯಿಂದ, ಆಮೇಲೆ ಕೈಲಾಂಚದ ಕಡೆಯಿಂದಲೂ. ತಿರುವಿನಲ್ಲಿ ಒಂದು ದೀಪ ಕಂಡಿತು. ಅದರ ಹಿಂದೆ ಮತ್ತೊಂದು. ಎಷ್ಟು ಎಂದು ಯಾರೂ ಎಣಿಸಲಿಲ್ಲ. ಪುಟ್ಟಗೌರಮ್ಮನನ್ನು ಕೇಳಿದರೆ ಸಾವಿರಕ್ಕೆ ಒಂದೂ ಕಡಿಮೆಯಿಲ್ಲ. ಹುಳ ಬಿಟ್ಟ ಕೈ ತೊಳೆಯಲೂ ಪುರುಸೊತ್ತಿಲ್ಲದೆ ಬಂದಿದ್ದರು. ಹೆಂಗಸರ ಸೆರಗಿನಲ್ಲಿ ನೂಲಿನ ಎಳೆ ಇನ್ನೂ ಅಂಟಿಕೊಂಡಿತ್ತು.

ಎಲ್ಲರಿಗಿಂತ ಮುಂದಿದ್ದವನು ಕರಿಯಯ್ಯ. ಅವನು ಇಳಿದವನೇ ಹಿಂದೆ ತಿರುಗಿ ಗದರಿದ. "ಆಫ್ ಮಾಡ್ರಲಾ ಎಲ್ಲಾ! ಅವನಿಗೆ ಈ ಸದ್ದು ಆಗಲ್ಲ!"

ಒಂದೊಂದಾಗಿ ಇಂಜಿನ್ನುಗಳು ನಿಂತವು. ಇಂಜಿನ್ನಿನ ಜೊತೆ ದೀಪವೂ ಹೋಯಿತು. ಬಂಡೆಯಾವುದು ದಾರಿಯಾವುದು ಗೊತ್ತಾಗದಷ್ಟು ಮಬ್ಬು.

"ಆಯ್ತಲ್ಲಪ್ಪ, ಮುಳುಗೇ ಹೋಯ್ತು ಹೊತ್ತು" ಎಂದ ದೊಡ್ಡಹನುಮಯ್ಯ. "ಇನ್ನು ನಾಳೆನೇ."

"ಯಾರು ಅಂದೋರು ಮುಳುಗ್ತು ಅಂತ?" ಪುಟ್ಟಗೌರಮ್ಮನ ದನಿ ರಸ್ತೆಯ ಆ ತುದಿಗೆ ಕೇಳಿಸಿತು. "ಹಚ್ರಲಾ ನಿಮ್ ಗಾಡೀನ! ಎಲ್ಲಾ ಗುಡ್ಡದ ಕಡೆ ತಿರುಗ್ಸಿ ನಿಲ್ಲಿಸ್ರಿ. ಹೊತ್ತು ಹೆಂಗೆ ಮುಳುಗ್ತದೋ ನಾನೂ ನೋಡ್ತೀನಿ."

ಕಿಕ್ಕುಗಳು ಬಿದ್ದವು. ಇಳಿಜಾರು ಬೆಳ್ಳಗಾಯಿತು. ಗಂಡಸರು ಚಟ್ಟಕ್ಕೆ ಹೆಗಲು ಕೊಡಲು ನೂಕಾಡಿದರು. ದೊಡ್ಡಹನುಮಯ್ಯನಿಗೆ ಮಡಕೆ ಹಿಡಿದು ಮುಂದೆ ನಡೆಯಲು ಜಾಗ ಬಿಡಿಸಬೇಕಾಯಿತು. ಮುಂದಿನ ಎಡಹೆಗಲು ಕರಿಯಯ್ಯನದು, ಬಲಹೆಗಲು ಮುಕ್ತಿಯಾರನದು.

ಹೆಂಗಸರು ಗುಂಡಿಯವರೆಗೆ ಹೋಗುವ ಪದ್ಧತಿ ಅವರಲ್ಲಿರಲಿಲ್ಲ. ಅವರು ಗಾಡಿಗಳ ಪಕ್ಕದಲ್ಲೇ ನಿಂತರು. ಚಟ್ಟ ಮೇಲೇರಿದಂತೆ ಲೂನಾಗಳ ದೀಪ ಸಾಲದೆ ಮಂಕಾಗತೊಡಗಿತು.

"ಬಲಗೈ ಹಿಡಿ ತಿರುಗ್ಸಿದ್ರೆ ಜೋರಾಯ್ತದೆ ಅಕ್ಕ" ಎಂದಳು ಮುನಿತಾಯಮ್ಮ.

ಪುಟ್ಟಗೌರಮ್ಮ ಕರಿಯಯ್ಯನ ಲೂನಾದ ಹ್ಯಾಂಡಲ್ ಹಿಡಿದಳು. ಒದ್ದೆ ಸೀರೆ ಹಿಂಡುವ ಹಾಗೆ ಎರಡೂ ಕೈ ಹಾಕಿ ತಿರುವಿದಳು. ಇಂಜಿನ್ ಕಿರುಚಿತು; ಮೇಲೆ ಗುಂಡಿಯ ಪಕ್ಕದ ಹಸಿಮಣ್ಣು ಥಟ್ಟನೆ ಕೆಂಪಗೆ ಕಂಡಿತು. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯ ಹಿಂದಿನ ಚಕ್ರ, ನೆಲ ಮುಟ್ಟದೆ, ಗಿರಗಿರನೆ ತಿರುಗುತ್ತಲೇ ಇತ್ತು.