ಮೊದಲು ನೀನು ಕೂಗು

ಟೋಕಿಯೋ ಹತ್ತಿರದ ಕುಶಿಕಾವಾ ಲೈನಿನಲ್ಲಿ ರೈಲು ಓಡಿಸುವುದನ್ನು ಕಲಿಯಬೇಕಾದರೆ ಒಬ್ಬ ಗುರುವಿನ ಬೆನ್ನ ಹಿಂದೆ ತಿಂಗಳುಗಟ್ಟಲೆ ನಿಲ್ಲಬೇಕು. ಗುರು ಓಡಿಸುತ್ತಾನೆ. ಸಿಗ್ನಲ್ ಕಂಡ ಕೂಡಲೇ ಬಿಳಿ ಗ್ಲೌಸಿನ ಬೆರಳು ಚಾಚಿ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗುತ್ತಾನೆ. ಹಿಂದೆ ನಿಂತ ಶಿಷ್ಯ ತಾನೂ ಬೆರಳು ಚಾಚಿ ಅದನ್ನೇ ಮತ್ತೆ ಕೂಗುತ್ತಾನೆ. ಕಣ್ಣು, ಬೆರಳು, ಬಾಯಿ, ಕಿವಿ ಎಲ್ಲವೂ ಒಂದೇ ಕೆಲಸದಲ್ಲಿದ್ದರೆ ಮನಸ್ಸು ಬೀದಿ ಅಲೆಯುವುದಿಲ್ಲ ಅಂತ ಹಿರಿಯರು ಮಾಡಿಟ್ಟ ಪದ್ಧತಿ. ಮೊದಲು ಗುರು, ಆಮೇಲೆ ಶಿಷ್ಯ.

ಇನೋಮಾತಾ ತೆರುಓ ಮಾತ್ರ ಇದನ್ನು ತಲೆಕೆಳಗು ಮಾಡಿಟ್ಟಿದ್ದರು.

"ಮೊದಲು ನೀನು ಕೂಗು," ಅಂತ ಮೊದಲ ದಿನವೇ ಹೊಸ ಶಿಷ್ಯೆ ಮಿನೆಗಿಷಿ ಶಿಹೊಗೆ ಹೇಳಿದ್ದರು. "ನಾನಂದಿದ್ದನ್ನ ಒಪ್ಪಿಸೋಕೆ ಗಿಳಿ ಸಾಕು, ನೀನ್ಯಾಕೆ? ಕಂಡದ್ದನ್ನ ಕೂಗು. ಕಾಣದೇ ಇರೋದನ್ನ ಅಂದಾಜಿಗೆ ಕೂಗಿದೆಯೋ, ನೀನು ಡ್ರೈವರ್ ಅಲ್ಲ, ಸ್ಟೇಷನ್ ಮುಂದೆ ಕೂತು ಕೈ ನೋಡಿ ಭವಿಷ್ಯ ಹೇಳೋಳು. ಹೋಗಿ ಅಲ್ಲೇ ಕೂತ್ಕೋ."

"ಆಗಲಿ ಗುರುಗಳೇ," ಅಂದಿದ್ದಳು ಶಿಹೊ. ಬೇರೇನು ಹೇಳಿಯಾಳು? ಟಿಕೆಟ್ ಗೇಟಿನಲ್ಲಿ ನಿಂತು, ಆಮೇಲೆ ಗಾರ್ಡ್ ಆಗಿ ರೈಲಿನ ಬಾಲದಲ್ಲಿ ವರ್ಷಗಟ್ಟಲೆ ಬಾಗಿಲು ಮುಚ್ಚಿ, ಮೂವತ್ತು ದಾಟಿದ ಮೇಲೆ ಅವಳಿಗೆ ರೈಲಿನ ಮುಂದಿನ ಗಾಜು ಸಿಕ್ಕಿತ್ತು. ಹೆಂಗಸನ್ನು ಹಿಂದೆ ನಿಲ್ಲಿಸಿಕೊಳ್ಳಲು ಒಲ್ಲದೆ ಇಬ್ಬರು ಡ್ರೈವರುಗಳು ಸೊಂಟನೋವು, ಮಂಡಿನೋವು ಅಂತ ನೆಪ ಹೇಳಿ ಜಾರಿಕೊಂಡಿದ್ದರು. ಒಪ್ಪಿಕೊಂಡವರು ಇನೋಮಾತಾ ಒಬ್ಬರೇ. ಆ ಋಣ ಅವಳ ಎದೆಯಲ್ಲಿತ್ತು. ಆಕೆಗೆ ಲೈಸೆನ್ಸ್ ಸಿಗುವುದೂ ಬಿಡುವುದೂ ಅದೇ ಮನುಷ್ಯನ ಒಂದು ಮಾತಿನ ಮೇಲೆ ನಿಂತಿತ್ತು.

ಡಿಪೋದಲ್ಲಿ ಇನೋಮಾತಾರನ್ನು ಹೊಗಳದವರಿಲ್ಲ. ಅವರಪ್ಪ ಈ ಲೈನಿನಲ್ಲೇ ಜಲ್ಲಿ ರೈಲು ಓಡಿಸಿದವರು. ಮಗನಿಗೆ ಲೈನಿನ ಕಥೆಯೆಲ್ಲ ಬಾಯಿಪಾಠ.

"ಈ ಲೈನ್ ಜನಕ್ಕೋಸ್ಕರ ಹುಟ್ಟಿತು ಅಂದ್ಕೊಂಡಿದ್ದೀಯಾ?" ಅಂತ ಕೇಳೋರು. "ಎಲ್ಲಿ ಬಂತು! ಮಹಾಭೂಕಂಪದಲ್ಲಿ ಟೋಕಿಯೋ ಸುಟ್ಟು ಬೂದಿಯಾಯ್ತಲ್ಲ, ಮತ್ತೆ ಕಟ್ಟೋಕೆ ಜಲ್ಲಿ ಬೇಕಿತ್ತು. ಕುಶಿಕಾವಾ ಹೊಳೇನ ಬುಡದ ತನಕ ಬಗೆದು ಹೊತ್ತರು. ಹೊಳೆ ಬರಿದಾಯ್ತು, ಸರ್ಕಾರ ಬೇಡ ಅಂತು. ಆಗ ಕಂಪನಿ ಧಣಿ ಏನು ಮಾಡಿದ ಗೊತ್ತಾ? ಹಿಪ್ಪುನೇರಳೆ ಗುಡ್ಡಗಳನ್ನ ಅಗ್ಗಕ್ಕೆ ಕೊಂಡು ಮನೆ ಸೈಟು ಮಾಡಿದ. ಆ ತುದಿಗೊಂದು ಹೆಣ್ಮಕ್ಕಳ ಶಾಲೆ, ಈ ತುದಿಗೊಂದು ದೊಡ್ಡ ಅಂಗಡಿ. ಹೋಗ್ತಾನೂ ರೈಲು ಖಾಲಿ ಇರಬಾರದು, ಬರ್ತಾನೂ ಖಾಲಿ ಇರಬಾರದು. ಹೇಗಿದೆ ತಲೆ!"

ಮೊಮೊಝುಕಾದ ತಿರುವಿಗೂ ಕಥೆಯಿತ್ತು. ಅಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಒಬ್ಬ ಮುದುಕಿ, ರೈಲಿನ ಸದ್ದಿಗೆ ಹುಳುಗಳು ಮೇವು ಬಿಡುತ್ತವೆ ಅಂತ ಜಾಗ ಕೊಡಲಿಲ್ಲವಂತೆ. ಲೈನು ಅವಳ ಅಂಗಳ ಸುತ್ತಿಕೊಂಡು ಹೋಯಿತು. ಮುದುಕಿಯೂ ಹೋದಳು, ಹುಳುಗಳೂ ಹೋದವು, ಒಂದು ಪರ್ಸಿಮನ್ ಮರ ಉಳಿಯಿತು. ಇವತ್ತಿಗೂ ಹತ್ತು ಬೋಗಿಯ ರೈಲು, ಒಳಗೆ ಒಬ್ಬರ ಉಸಿರು ಇನ್ನೊಬ್ಬರ ಕತ್ತಿಗೆ ತಾಗುವಷ್ಟು ಜನ ತುಂಬಿಕೊಂಡು, ಆ ಮರಕ್ಕೆ ಬಾಗಿಯೇ ಹೋಗುತ್ತದೆ. ತಿರುವು ದಾಟಿದೊಡನೆ ರೈಲ್ವೆ ಗೇಟು. ಕೆಂಪು ಸಿಗ್ನಲ್ ದಾಟಿದರೆ ಯಂತ್ರವೇ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಈ ಗೇಟಿನಲ್ಲಿ ಸಿಕ್ಕಿಬಿದ್ದವರು ಬಟನ್ ಒತ್ತಿದರೆ ಕಂಬದ ಮೇಲೆ ಕೆಂಪು ದೀಪಗಳು ಸುತ್ತುತ್ತವೆ, ಅಷ್ಟೇ. ಅದನ್ನು ಕಾಣಬೇಕಾದ್ದು ಡ್ರೈವರನ ಕಣ್ಣು.

ಪರ್ಸಿಮನ್ ಹಣ್ಣಾಗಿದ್ದ ಒಂದು ಬೆಳಿಗ್ಗೆ, ಸರಿಯಾಗಿ ಆ ತಿರುವಿನಲ್ಲೇ, ಶಿಹೊಗೆ ಸೀನು ಬಂತು. ಒಂದಕ್ಕೆ ನಿಲ್ಲಲಿಲ್ಲ ದರಿದ್ರ ಸೀನು, ಒಂದರ ಹಿಂದೊಂದು. ಕಣ್ಣೊರೆಸಿಕೊಂಡು ನೋಡುತ್ತಾಳೆ, ಎದುರಿಗೆ ಕೆಂಪು ದೀಪಗಳು ಗಿರಗಿರ ಸುತ್ತುತ್ತಿವೆ, ರೈಲು ಚೂರೂ ನಿಧಾನವಾಗಿಲ್ಲ. ಗುರುವಿನ ಕೈ ಹ್ಯಾಂಡಲ್ ಮೇಲೆ ಆರಾಮಾಗಿ ಕೂತಿದೆ.

"ಗೇಟು! ಕೆಂಪು! ನಿಲ್ಸಿ!" ಅಂತ ಕಿರುಚಿದಳು.

ಆಗ ಬ್ರೇಕ್ ಬಿತ್ತು. ಹಳಿಯ ಸಂದಿಗೆ ಚಕ್ರ ಸಿಕ್ಕಿಸಿಕೊಂಡ ಒಂದು ತಳ್ಳುಗಾಡಿ, ಅದನ್ನು ಬಿಟ್ಟು ಹೋಗಲಾರದ ಒಬ್ಬ ಅಜ್ಜಿ. ಎರಡು ಮಾರು ಉಳಿದಿತ್ತು, ರೈಲು ನಿಂತಿತು. ಅಜ್ಜಿ ಗಾಜಿನ ಕಡೆ ಬಗ್ಗಿ ಬಗ್ಗಿ ನಮಸ್ಕಾರ ಮಾಡಿದಳು. ಡಿಪೋದಲ್ಲಿ ಗುರುಶಿಷ್ಯರಿಬ್ಬರಿಗೂ ಚಪ್ಪಾಳೆ ಹೊಡೆದರು.

ಶಿಹೊ ಮಾತ್ರ ಚಪ್ಪಾಳೆಯ ನಡುವೆಯೇ ಲೆಕ್ಕ ಹಾಕುತ್ತಿದ್ದಳು. ಸೀನಿದ್ದು ನಾನು, ಕಣ್ಣು ಮುಚ್ಚಿದ್ದೂ ನಾನು. ಅವರ ಕಣ್ಣು ಎಲ್ಲಿತ್ತು?

ಅನುಮಾನ ಅನ್ನೋದು ಗೆದ್ದಲಿದ್ದ ಹಾಗೆ, ಒಂದು ಕಂಡರೆ ಸಾವಿರ ಒಳಗಿರುತ್ತವೆ. ಅಂದಿನಿಂದ ಅವಳು ಹಳಿಯಷ್ಟೇ ಗುರುವನ್ನೂ ನೋಡತೊಡಗಿದಳು. ಚಹಾ ಬಗ್ಗಿಸುವಾಗ ಬಟ್ಟಲಿನ ಅಂಚಿಗೆ ಬೆರಳಿಟ್ಟುಕೊಳ್ಳುತ್ತಾರೆ. ಎದುರು ಬಂದವರು ಬಾಯಿಬಿಟ್ಟ ಮೇಲಷ್ಟೇ ಹೆಸರು ಹಿಡಿದು ಕರೆಯುತ್ತಾರೆ. ಏನನ್ನಾದರೂ ನೋಡಬೇಕಾದರೆ ಕೋಳಿ ಕಾಳು ನೋಡುವ ಹಾಗೆ ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಆದರೆ ಪ್ಲಾಟ್‌ಫಾರ್ಮಿನ ಗುರುತಿಗೆ ರೈಲು ಒಂದು ಗೇಣೂ ಆಚೀಚೆ ಆಗದಂತೆ ನಿಲ್ಲಿಸುತ್ತಾರಲ್ಲ, ಅದು ಹೇಗೆ? ಅದೂ ಗೊತ್ತಾಯಿತು. ಸೇತುವೆಯ ಸದ್ದು, ಈಲ್ ಮೀನು ಸುಡುವ ಅಂಗಡಿಯ ವಾಸನೆ, ಪ್ಲಾಟ್‌ಫಾರ್ಮಿನ ಮಾಡಿಗೆ ಬಡಿದು ಬರುವ ಗಾಳಿ. ಲೈನು ಅವರ ಮೈಯಲ್ಲೇ ಇತ್ತು. ಆದರೆ ತಳ್ಳುಗಾಡಿಯ ಅಜ್ಜಿ ಯಾವ ಮೈಯಲ್ಲೂ ಮೊದಲೇ ಇರುವುದಿಲ್ಲ.

ಇನ್ನೊಂದು ಸಂಗತಿಯಂತೂ ಅವಳ ಕರುಳಿಗೇ ಇರಿಯಿತು. ಎರಡು ವರ್ಷದಿಂದ ಇನೋಮಾತಾ ಶಿಷ್ಯರಿಲ್ಲದೆ ರೈಲು ಹತ್ತಿರಲಿಲ್ಲ. ಒಬ್ಬ ಮುಗಿದರೆ ಇನ್ನೊಬ್ಬ. ನಡುವೆ ಬಿಡುವು ಬಂದರೆ ಅವರಿಗೆ ಸೊಂಟ ಹಿಡಿಯುತ್ತಿತ್ತು, ರಜೆ. "ವಿದ್ಯೆ ಧಾರೆ ಎರೆಯೋದು ಅಂದ್ರೆ ಇದು!" ಅಂತ ಎಲ್ಲರೂ ಕೊಂಡಾಡುತ್ತಿದ್ದರು. ಹಾಗಾದರೆ ನನ್ನನ್ನು ಒಪ್ಪಿಕೊಂಡಿದ್ದು ನನ್ನ ಯೋಗ್ಯತೆಗೋ, ನನ್ನ ಎರಡು ಕಣ್ಣಿಗೋ? ಬೇರೆ ಗುರುಗಳು ಇಷ್ಟು ಹೊತ್ತಿಗೆ ಹ್ಯಾಂಡಲನ್ನು ಶಿಷ್ಯರ ಕೈಗೆ ಕೊಟ್ಟಾಗಿತ್ತು. ಇವರು ಕೊಟ್ಟಿರಲಿಲ್ಲ.

ಹೇಳೋಣವೆಂದರೆ ಸಾಕ್ಷಿ ಏನಿದೆ? ಗುರುದ್ರೋಹಿ ಅಂತಾರೆ. ಸುಮ್ಮನಿರೋಣವೆಂದರೆ ಬೆನ್ನ ಹಿಂದೆ ಹತ್ತು ಬೋಗಿ ಜನ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಒಂದು ದಿನ ಪ್ಲಾಟ್‌ಫಾರ್ಮಿನ ಸೋಬಾ ಅಂಗಡಿಯಲ್ಲಿ ಇಬ್ಬರೂ ನಿಂತೇ ಶಾವಿಗೆ ಉಣ್ಣುತ್ತಿದ್ದಾಗ ಇನೋಮಾತಾ ತಿನ್ನುವ ಕಡ್ಡಿಗಳನ್ನು ಕೆಳಗಿಟ್ಟರು.

"ಏನಮ್ಮಾ ಮಿನೆಗಿಷಿ, ನೀನು ಹಳಿ ನೋಡ್ತೀಯೋ ನನ್ನ ಮುಖ ನೋಡ್ತೀಯೋ?"

"ಹಳೀನೇ ಗುರುಗಳೇ."

"ಸುಳ್ಳು. ಕೆನ್ನೆ ಮೇಲೆ ನೊಣ ಕೂತ ಹಾಗಿರುತ್ತೆ ನಂಗೆ. ಆ ಸೆಕಿನೆ ಹೇಳಿಕೊಟ್ಟು ಕಳಿಸಿದ್ದಾನಾ?" ಸೆಕಿನೆ ಅಂದರೆ ಡಿಪೋದ ಉಪಮುಖ್ಯಸ್ಥ.

"ಏನಂತ ಹೇಳಿಕೊಡ್ತಾರೆ?"

"ಅದನ್ನ ನೀನು ಹೇಳು! ಬರೋ ವರ್ಷ ಚೆರಿ ಹೂ ಬಿಡೋ ಹೊತ್ತಿಗೆ ನಾನು ನಿವೃತ್ತ. ಕೊನೇ ರೈಲಿಂದ ಇಳಿದಾಗ ಎಲ್ಲರೂ ಸಾಲಾಗಿ ನಿಂತು ಹೂಗುಚ್ಛ ಕೊಡಬೇಕು. ನಮ್ಮಪ್ಪಂಗೆ ಕೊಟ್ಟ ಹಾಗೆ. ಅಲ್ಲೀವರೆಗೆ ನನ್ನ ತಂಟೆಗೆ ಯಾರೂ ಬರೋದು ಬೇಡ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅಂದೇ ಇರಲಿಲ್ಲ. ಪರೀಕ್ಷೆ ಮಾಡಿಯೇ ತೀರಬೇಕು ಅಂತ ಶಿಹೊ ಅಂದೇ ನಿಶ್ಚಯಿಸಿದಳು.

ಅವಳು ಮಾಡಹೊರಟಿದ್ದು ಈ ಕಸುಬಿನಲ್ಲಿ ಮಹಾಪಾಪ. ಸುಳ್ಳು ಕೂಗುವುದು. ಕೆಂಪನ್ನು ಹಸಿರು ಅನ್ನಲು ಅವಳಿಗೇನು ಹುಚ್ಚೇ? ಹಸಿರನ್ನು ಹಳದಿ ಅಂದರೆ ರೈಲು ನಿಧಾನವಾಗುತ್ತದೆ, ಯಾರೂ ಸಾಯುವುದಿಲ್ಲ. ಕಣ್ಣಿದ್ದ ಗುರು ತಲೆಗೆ ಮೊಟಕಿ "ಕುರುಡಿ!" ಅಂತ ಬೈಯುತ್ತಾರೆ. ಬೈಯಲಿ ದೇವರೇ, ಬೈಯಲಿ ಅಂತ ಅವಳು ಮನಸಾರೆ ಬೇಡಿಕೊಂಡಳು.

ಮರುದಿನ ಬೆಳಿಗ್ಗೆ, ಹೊಳೆಯ ಆಚೆಗಿನ ನೇರ ಹಾದಿ. ಬಿಸಿಲು ಬೆನ್ನಿಗಿತ್ತು. ಎದುರಿನ ಸಿಗ್ನಲ್ ಹಸಿ ಬಟಾಣಿಯಷ್ಟು ಸ್ಪಷ್ಟವಾಗಿ ಹಸಿರಾಗಿತ್ತು. ಶಿಹೊ ಬೆರಳು ಚಾಚಿದಳು.

"ಮೂರನೇ ಸಿಗ್ನಲ್, ಹಳದಿ!"

ಇನೋಮಾತಾ ಆ ಹಸಿರಿನ ಕಡೆಗೇ ನೆಟ್ಟಗೆ ಬೆರಳು ಚಾಚಿದರು. "ಮೂರನೇ ಸಿಗ್ನಲ್, ಹಳದಿ!" ಅಂದರು. ಬ್ರೇಕ್ ಹಿಡಿದರು.

ಶಿಹೊಗೆ ಅಳು ಉಕ್ಕಿ ಬಂತು. ಗೆದ್ದೆ ಅನ್ನಿಸಲಿಲ್ಲ, ಮನೆಯ ಹಿರಿಯರ ಗುಟ್ಟನ್ನು ಕದ್ದು ನೋಡಿದ ಹಾಗಾಯಿತು. ಕೂಡಲೇ "ತಪ್ಪಾಯ್ತು ಗುರುಗಳೇ, ಹಸಿರು, ಹಸಿರೇ ಇದೆ," ಅಂದಳು. ಇನೋಮಾತಾರ ಕತ್ತು ಸೆಟೆಯಿತು. ಹ್ಯಾಂಡಲ್ ಮುಂದೆ ತಳ್ಳಿದರು. ಕೊನೆಯ ಸ್ಟೇಷನ್ನಿನವರೆಗೆ ಅವಳು ಕೂಗಿದ್ದನ್ನೇ ಮತ್ತೆ ಕೂಗುತ್ತಾ ಹೋದರು.

ಕೊನೆಯ ಸ್ಟೇಷನ್ನಿನಲ್ಲಿ ರೈಲು ದಿಕ್ಕು ಬದಲಿಸುತ್ತದೆ. ಇಬ್ಬರೂ ಜನರ ನಡುವೆ ನುಗ್ಗಿಕೊಂಡು ಇನ್ನೊಂದು ತುದಿಯ ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಸೆಕಿನೆ ಅಲ್ಲಿ ಕಾದು ನಿಂತಿದ್ದ. ರೈಲು ತಡವಾಗಿತ್ತು. ಅರ್ಧ ನಿಮಿಷ ತಡವಾದರೂ ಮೈಕಿನಲ್ಲಿ ಕ್ಷಮೆ ಕೇಳುವ ಲೈನಿದು. ಬೆಳಗಿನ ಹೊತ್ತು ಒಂದು ರೈಲು ತಡವಾದರೆ ಹಿಂದಿನವು ಸಾಲಾಗಿ ನಿಲ್ಲುತ್ತವೆ.

"ಇನೋಮಾತಾ-ಸಾನ್, ಹೊಳೆ ದಾಟಿದ ಮೇಲೆ ಯಾಕೆ ಬ್ರೇಕ್ ಹಿಡಿದ್ರಿ? ಕಂಟ್ರೋಲಿನವರು ಎಲ್ಲಾ ಹಸಿರು ಅಂತಿದ್ದಾರೆ."

ಶಿಹೊ ಗುರುವಿನ ಮುಖ ನೋಡಿದಳು. ಗುರು ಟೋಪಿ ಸರಿಮಾಡಿಕೊಂಡರು.

"ಈ ಹುಡುಗಿ ಹಳದಿ ಅಂತ ಕೂಗಿದ್ಲು. ಎಚ್ಚರಿಕೆಗೆ ಅಂತ ಹಿಡಿದೆ. ಹೊಸಬಳು, ಕಣ್ಣು ಇನ್ನೂ ಕೂತಿಲ್ಲ."

ಅಬ್ಬಾ! ಕೆನ್ನೆಗೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

"ಹೌದಾ ಮಿನೆಗಿಷಿ?"

"ಕೂಗಿದ್ದು ನಾನೇ," ಅಂದಳು. "ಬೇಕಂತಲೇ ಕೂಗಿದೆ."

"ಬೇಕಂತಲೇ?" ಸೆಕಿನೆಯ ಮುಖ ಕೆಂಪಾಯಿತು. "ಗುರುವಿಗೇ ತಿರುಮಂತ್ರ ಹಾಕೋಕೆ ಬಂದ್ಯಾ? ಯಾಕೆ?"

ಅವಳು ಗುರುವಿನ ಕಡೆ ನೋಡಿದಳು. ಅವರೇ ಹೇಳಲಿ ಅಂತ ಕಾದಳು. ಅವರು ಕೋಳಿಯ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿ, ನೋಡಿದರು. ಮೊದಲ ಸಲ ನಿಜವಾಗಿ ಅವಳನ್ನು ನೋಡಿದರು. ಆಮೇಲೆ ಗ್ಲೌಸು ಎಳೆದು ಸರಿಮಾಡಿಕೊಳ್ಳತೊಡಗಿದರು.

"ಸರಿ ಬಿಡು," ಅಂದ ಸೆಕಿನೆ. "ಸುಳ್ಳು ಕೂಗೋರಿಗೆ ಇಲ್ಲಿ ಜಾಗ ಇಲ್ಲ. ಈ ರೈಲು ವಾಪಸ್ ಹೋಗ್ಲಿ, ನಾಳೆಯಿಂದ ಟಿಕೆಟ್ ಗೇಟು. ಇನೋಮಾತಾ-ಸಾನ್, ನಿಮಗೆ ಸೋಮವಾರ ಬೇರೆ ಶಿಷ್ಯನ್ನ ಕೊಡ್ತೀನಿ."

ಬೇರೆ ಶಿಷ್ಯ, ಬೇರೆ ಕಣ್ಣು. ಅವನಿಗೂ ಒಂದು ದಿನ ಮೊಮೊಝುಕಾದಲ್ಲಿ ಸೀನು ಬರದೇ ಇರುತ್ತದೆಯೇ? ಶಿಹೊ ಗುರುವಿನ ಹಿಂದೆ ಹತ್ತಿ ತನ್ನ ಜಾಗದಲ್ಲಿ ನಿಂತಳು. ಸೆಕಿನೆ ಕಿಟಕಿಯ ಪಕ್ಕದಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ನಿಂತ. ರೈಲು ಹೊರಡುವಾಗ ಸ್ಟೇಷನ್ನಿನಲ್ಲಿ ನುಡಿಸುವ ಹಾಡು ಮುಗಿಯಿತು. ಬಾಗಿಲುಗಳು ಮುಚ್ಚಿದವು. ಗಾರ್ಡಿನ ಗಂಟೆ ಬಂತು.

ಈಗ ಶಿಷ್ಯೆ ಕೂಗಬೇಕು.

ಶಿಹೊ ಬಾಯಿ ಮುಚ್ಚಿಕೊಂಡು ನಿಂತಳು.

ಇನೋಮಾತಾರ ಬೆರಳು ಅರ್ಧಕ್ಕೆ ಎದ್ದು ನಿಂತಿತು. ಕಾದರು. ಗಾರ್ಡಿನ ಗಂಟೆ ಮತ್ತೆ ಬಂತು.

"ಮಿನೆಗಿಷಿ," ಅಂದರು ಮೆಲ್ಲಗೆ. "ಕೂಗಮ್ಮಾ."

"ಮೊದಲು ನೀವು, ಗುರುಗಳೇ."

"ಹಟ ಬೇಡ. ಜನ ಕಾಯ್ತಿದ್ದಾರೆ."

"ಅದಕ್ಕೇ ಹೇಳ್ತಿರೋದು. ಜನ ಇದ್ದಾರೆ," ಅಂದಳು ಶಿಹೊ. "ಕಂಡದ್ದನ್ನ ಕೂಗಿ ಗುರುಗಳೇ."

ಹಸಿರು ಅಂದುಬಿಡಬಹುದಿತ್ತು. ಆ ಹೊತ್ತಿಗೆ ಅಲ್ಲಿ ಹಸಿರೇ ಇರುತ್ತದೆ ಅಂತ ಪ್ಲಾಟ್‌ಫಾರ್ಮಿನ ಸೋಬಾ ಅಂಗಡಿಯವನೂ ಹೇಳಿಯಾನು. ಅವರ ತುಟಿ ಒಮ್ಮೆ ಆ ಮಾತಿಗೆ ತೆರೆದುಕೊಂಡಿತು ಕೂಡ. ಹೊರಗೆ ಸೆಕಿನೆ ಕಿಟಕಿಗೆ ಬಡಿಯುತ್ತಿದ್ದ. "ಏನಾಯ್ತು? ಯಾಕೆ ಹೊರಡ್ತಿಲ್ಲ?"

ಇನೋಮಾತಾ ಬ್ರೇಕ್ ಗಟ್ಟಿಮಾಡಿ ಕಿಟಕಿ ತೆರೆದರು. ಎದ್ದು ನಿಂತರು. ತೋಳನ್ನು ಪೂರ್ತಿ ಚಾಚಿ, ಜೀವಮಾನವಿಡೀ ಕೂಗಿದ ಅದೇ ಗಂಟಲಲ್ಲಿ, ಸೆಕಿನೆಗೂ ಪ್ಲಾಟ್‌ಫಾರ್ಮಿನವರಿಗೂ ಕೇಳುವಂತೆ ಕೂಗಿದರು.

"ಹೊರಡುವ ಸಿಗ್ನಲ್, ಕಾಣುತ್ತಿಲ್ಲ!"

ಗುರು ಕೂಗಿದ್ದನ್ನು ಶಿಷ್ಯೆ ಮತ್ತೆ ಕೂಗಬೇಕು, ಪದ್ಧತಿ. ಶಿಹೊ ಅವರ ಬೆನ್ನ ಹಿಂದೆ ನೆಟ್ಟಗೆ ನಿಂತು ಬೆರಳು ಚಾಚಿದಳು. ಕಣ್ಣೀರಿನಲ್ಲಿ ಆ ಹಸಿರು ಅವಳಿಗೂ ಕಾಣುತ್ತಿರಲಿಲ್ಲ.

"ಹೊರಡುವ ಸಿಗ್ನಲ್, ಕಾಣುತ್ತಿಲ್ಲ," ಅಂದಳು.