ನೀಲಿ ಜೇಡಿ

ಮೂರು ದಿನ ಹಳೆಯ ಕಾರ್ಖಾನೆಯ ಬೇಲಿಯ ಹೊರಗೆ ನಿಂತು ನೋಡಿದ ಬೆಳ್ಳಿ ನಾಲ್ಕನೆಯ ದಿನ ಒಳಗೆ ಹೋದಳು.

ಮರಕ್ಕೆ ಹುಳ ಹಿಡಿಯದಂತೆ ಮದ್ದು ಕುಡಿಸುತ್ತಿದ್ದ ಆ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿತ್ತು. ಅದರ ವಿಷ ಮಾತ್ರ ಬಾಡ ಎಂಬ ಊರಿನ ಕೆಳಗಿನ ಕೇರಿಯ ಬಾವಿಗಳಿಗೆ ಇಳಿಯುತ್ತಲೇ ಇತ್ತು. ಈಗ ನೆಲ ಶುದ್ಧ ಮಾಡುವವರು ಬಂದಿದ್ದರು. ಹೂತಿಟ್ಟ ಪೀಪಾಯಿಗಳಿಗಾಗಿ ಅಲ್ಲಲ್ಲಿ ಅಗೆದು, ಏನೂ ಸಿಗದೆ ಕೈಚೆಲ್ಲಿ ಕೂತಿದ್ದರು.

ಕೆಲಸದ ಉಸ್ತುವಾರಿ ಹೊನ್ನಾವರದ ಧನ್ಯಶ್ರೀಯದು. ಅವಳು ಎದ್ದು ಬಂದಳು. "ಅಮ್ಮಾ, ಇಲ್ಲೆಲ್ಲ ಬರಬಾರದು. ಎಂತ ಬೇಕಿತ್ತು?"

"ನೀವು ಹುಡುಕೂದು ಅಲ್ಲಿಲ್ಲ, ತಂಗಿ. ಬಾಯ್ಲರ್ ಮನೆ ಹಿಂದೆ ಅದೆ. ಅದ್ರ ಮೇಲೆ ಮಣ್ಣು ಹೊತ್ತು ಹಾಕ್ದವಳು ನಾನೇ."

ಗಂಡ ಮಾಬ್ಲನಿಗೂ ಅವಳು ಇದನ್ನು ಹೇಳಿರಲಿಲ್ಲ. ಆಗ ಕಾರ್ಖಾನೆಗೆ ಕೂಲಿಗೆ ಹೋಗಿದ್ದಳು. ಪೀಪಾಯಿಗಳೊಳಗೆ ಎಂತದಿದೆಯೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಾವಿಯ ನೀರು ಹಳದಿಗೆ ತಿರುಗಿದ ವರ್ಷದಿಂದ ಮಾತ್ರ ಅಕ್ಕಪಕ್ಕದವರ ಕೊಡ ಕಂಡರೆ ಎದೆ ಚುಚ್ಚುತ್ತಿತ್ತು. ಇವತ್ತು ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದಳು. ಧನ್ಯಶ್ರೀ ಬೈಯಲಿಲ್ಲ. ಒಂದು ಜೊತೆ ರಬ್ಬರ್ ಬೂಟು ತಂದು ಅವಳ ಕಾಲ ಬಳಿ ಇಟ್ಟಳು. "ತೋರಿಸಿ."

ಬೆಳ್ಳಿ ತೋರಿಸಿದಲ್ಲಿ ಆಳೆತ್ತರ ಅಗೆಯುವಷ್ಟರಲ್ಲಿ ಪೀಪಾಯಿಗಳು ಕಂಡವು. ತುಕ್ಕು ತಿಂದು ಬಾಯಿಬಿಟ್ಟಿದ್ದವು. ಸುತ್ತಲಿನ ಮಣ್ಣು ಪಾಚಿಗಿಂತ ಹಸಿರು.

"ಇದು ಎಷ್ಟು ಆಳ ಇಳಿದಿದೆಯೋ," ಎಂದಳು ಧನ್ಯಶ್ರೀ. ಮೊದಲ ಬಾರಿ ಅವಳ ಮುಖದಲ್ಲಿ ಹೆದರಿಕೆ ಕಂಡಿತು.

ಗುಂಡಿಯ ಬದಿಯಲ್ಲಿ ಉದ್ದದ ಕಬ್ಬಿಣದ ಕೊಳವೆ ಇಳಿಸಿ, ಮೇಲೆತ್ತಿ, ಮೇಜಿನ ಮೇಲೆ ಸೀಳಿ ತೆರೆದರು. ಮೇಲ್ಗಡೆ ಕೆಂಪು ಮಣ್ಣು, ಆಮೇಲೆ ಹಸಿರು, ಅದರ ಕೆಳಗೆ ಬೆಣ್ಣೆಯಂತೆ ನುಣುಪಾದ ನೀಲಿ ಜೇಡಿ. ಜೇಡಿಯೊಳಗೆ ನಾಲ್ಕು ಬೆರಳು ಇಳಿದ ಹಸಿರು ಅಲ್ಲಿಗೇ ನಿಂತುಬಿಟ್ಟಿತ್ತು. ಜೇಡಿಯ ಕೆಳಗೆ ಬಿಳಿ ಮರಳು, ಮರಳಿನಲ್ಲಿ ಚಿಪ್ಪಿಗಳು.

ಬೆಳ್ಳಿ ಬಗ್ಗಿ ನೋಡಿದಳು. ಅಘನಾಶಿನಿ ಹೊಳೆಯಲ್ಲಿ ನೀರಿಳಿತದ ಹೊತ್ತಿಗೆ ಅವಳೇ ಹೆಕ್ಕುವ ಬಳಚಿನ ಚಿಪ್ಪಿಗಳು. "ಇದನ್ನ ಇಲ್ಲಿ ಯಾರು ತಂದು ಹಾಕದ್ರು?"

"ಯಾರೂ ಅಲ್ಲ ಅಮ್ಮಾ. ಸಾವಿರಾರು ವರ್ಷದ ಹಿಂದೆ ಇಲ್ಲಿ ಕಡಲೇ ಇತ್ತು."

ಬೆಳ್ಳಿ ತನ್ನ ಕಾಲ ಕೆಳಗಿನ ನೆಲವನ್ನು ನೋಡಿಕೊಂಡಳು.

ಎರಡು ವಾರದ ಮೇಲೆ ಪರೀಕ್ಷೆಯ ವರದಿ ಬಂತು: ಮರಳಿನಲ್ಲಿ ವಿಷವಿಲ್ಲ; ಅದು ಜೇಡಿಯ ಮೇಲಿನಿಂದಲೇ ಹರಿದು ಬಾವಿ ಸೇರಿತ್ತು. ಹಸಿರು ಮಣ್ಣನ್ನೆಲ್ಲ ತಾಡಪತ್ರಿ ಬಿಗಿದ ಲಾರಿಗಳು ದೂರದ ವಿಷತ್ಯಾಜ್ಯದ ಗುಂಡಿಗೆ ಸಾಗಿಸಿದವು. ಅದಕ್ಕೇ ಐದು ತಿಂಗಳು ಹಿಡಿಯಿತು. ಬಾವಿಗಳು ಸರಿಯಾಗಲು ಇನ್ನೂ ನಾಲ್ಕೈದು ಮಳೆಗಾಲ ಬೇಕೆಂದು ಧನ್ಯಶ್ರೀ ಕೇರಿಯವರಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು.

ಕೊನೆಯ ಲಾರಿ ಹೋದ ದಿನ ಬೆಳ್ಳಿ ಮಾಬ್ಲನಿಗೆ ಎಲ್ಲ ಹೇಳಿ, ಅವನನ್ನು ಕರೆದುಕೊಂಡು ಬಂದಳು. ಕೆರೆಯಷ್ಟು ಅಗಲದ ಗುಂಡಿಯ ತಳದಲ್ಲಿ, ಹಸಿರು ಕೆರೆದು ತೆಗೆದ ಜೇಡಿ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ತುಂಬ ಕಡಲಿದ್ದ ಕಾಲದ ಗಿಡ್ಡ ಕಪ್ಪು ಬೊಡ್ಡೆಗಳು, ನೆಟ್ಟಗೆ, ಬೇರು ಹರಡಿಕೊಂಡೇ ನಿಂತಿದ್ದವು.

"ಕಾಂಡ್ಲ," ಎಂದ ಮಾಬ್ಲ ಮೆಲ್ಲಗೆ. ಉಪ್ಪುನೀರ ಹೊಳೆಯಂಚಿನ ಆ ಗಿಡದ ಗುರುತನ್ನು ಅವನಿಗೆ ಯಾರೂ ಹೇಳಬೇಕಿರಲಿಲ್ಲ. "ಕಾಂಡ್ಲದ ಕಾಡೇ ಅದ್ಯಲ್ಲೇ ಬೆಳ್ಳಿ."

ಪೀಪಾಯಿಗಳ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ. ತಲೆಗೆ ಸುತ್ತಿದ್ದ ಪಂಜಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು, ದೇವರ ಮುಂದೆ ನಿಂತಂತೆ ನಿಂತ. ಬೆಳ್ಳಿಯೂ ಅವನ ಪಕ್ಕ ನಿಂತಳು.