ಕೊನೆಯ ಸಾಲಿನಿಂದ ನೋಡಿ

ನಾಟಕದ ಪರದೆಯನ್ನು ನೆಲದ ಮೇಲೆ ಹಾಸಿ ಚಿತ್ರ ಬರೆಯುತ್ತಾರೆ. ಉದ್ದ ಕೋಲಿಗೆ ಬ್ರಷ್ ಕಟ್ಟಿಕೊಂಡು, ಬರಿಗಾಲಲ್ಲಿ ಅದರ ಮೇಲೇ ಓಡಾಡುತ್ತ ಬರೆಯುವುದು ನನ್ನ ಕಸುಬು. ಆಗಾಗ ಅದನ್ನು ಮೇಲಕ್ಕೆತ್ತಿಸಿ ಕಟ್ಟಿಸಿ, ಪ್ರೇಕ್ಷಕರ ಕೊನೆಯ ಸಾಲಿನಲ್ಲಿ ಕೂತು ನೋಡಬೇಕು. ಹತ್ತಿರದಿಂದ ಕಂಡ ಚಂದಕ್ಕೆ ಇಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ನನಗೆ ಬೈಪೋಲಾರ್ ಕಾಯಿಲೆ. ಒಮ್ಮೊಮ್ಮೆ ಮನಸ್ಸು ಹಿಡಿತ ತಪ್ಪಿ ಏರುತ್ತದೆ, ಒಮ್ಮೊಮ್ಮೆ ಹಾಸಿಗೆ ಬಿಟ್ಟು ಏಳಲಾರದಷ್ಟು ಕುಸಿಯುತ್ತದೆ. ಮಾತ್ರೆ ನುಂಗಿದರೆ ನೆಟ್ಟಗಿರುತ್ತೇನೆ. ರಂಗಮಂದಿರದಲ್ಲಿ ಇದು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಅವಳು ಅಲ್ಲೇ ಪಾತ್ರಧಾರಿಗಳ ಬಟ್ಟೆ ಹೊಲಿಯುತ್ತಾಳೆ. ಕೇಳಿದವರಿಗೆಲ್ಲ ತಲೆನೋವಿನ ಮಾತ್ರೆ ಎಂದು ಹೇಳಿ ಹೇಳಿ ಅವಳಿಗೇ ತಲೆನೋವು ಬಂದಿತ್ತು.

ಹೋದ ತಿಂಗಳು ಮಾತ್ರೆಯ ಸ್ಟ್ರಿಪ್ ನನ್ನ ಚೀಲದಿಂದ ಜಾರಿ ಬಿತ್ತು. ನಾಯಕನ ಪಾತ್ರದವನು ಅದರ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ. ಮಧ್ಯಾಹ್ನದೊಳಗೆ ಡಂಗುರ ಹೊಡೆದಂತಾಯಿತು. ಬಡಗಿ ನನ್ನನ್ನು ಕಂಡೊಡನೆ ಉಳಿಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಮಾರನೆಯ ದಿನ ಸುತ್ತಿಗೆಯನ್ನೂ ಒಳಗಿಟ್ಟ. ಪಾಪ, ಮೊಳೆ ಹೊಡೆಯಲು ಕಲ್ಲು ಹುಡುಕುತ್ತಿದ್ದ. ನಾಯಕಿಯ ಪಾತ್ರದವಳು ನನ್ನೊಡನೆ ಮಗುವಿನ ಜೊತೆ ಮಾತಾಡುವ ಹಾಗೆ ಎಳೆದೆಳೆದು ಮಾತಾಡತೊಡಗಿದಳು. ನನಗೆ ಮೈಯೆಲ್ಲ ಉರಿಯಿತು.

ನಿರ್ದೇಶಕರು ಇವರಿಗಿಂತ ಒಂದು ಕೈ ಮೇಲೆ. ಹೊಸ ನಾಟಕಕ್ಕೆ ಬಿರುಗಾಳಿಯ ಸಮುದ್ರ ಬೇಕಿತ್ತು. ನನ್ನನ್ನು ಕೋಣೆಗೆ ಕರೆದು ಕೂರಿಸಿ, ನಾನು ಹಿಂದೆ ಬರೆದ ಕಾಡಿನ ಪರದೆಯನ್ನು ಹೊಗಳಿದರು. ಅದು ಕಂಡ ಕೂಡಲೇ ಜನ ಚಪ್ಪಾಳೆ ತಟ್ಟುತ್ತಿದ್ದರು, ನಿಜ. ಅದನ್ನು ಬರೆದ ವರ್ಷವೇ ನಾನು ಆಸ್ಪತ್ರೆ ಸೇರಿದ್ದು ಎಂದು ಅವರಿಗೆ ಈಗ ತಿಳಿದಿತ್ತು.

"ಸ್ವಲ್ಪ ದಿನ ಮಾತ್ರೆ ನಿಲ್ಲಿಸಿ ನೋಡಿ. ನಿಮ್ಮ ಪ್ರತಿಭೆ ಇರೋದೇ ಆ ಹುಚ್ಚಲ್ಲಿ," ಎಂದರು.

ಪ್ರೀತಿಯಿಂದಲೇ ಅಂದರು. ಕಷ್ಟವಾದದ್ದೇ ಅದು. ಆ ಏರಿನ ದಿನಗಳು ನೆನಪಾದರೆ ನನಗೆ ಈಗಲೂ ಆಸೆಯಾಗುತ್ತದೆ. ಆಗ ನಿದ್ದೆ ಬೇಡ, ಊಟ ಬೇಡ, ಬಣ್ಣಗಳೆಲ್ಲ ನನ್ನ ಮಾತು ಕೇಳುತ್ತವೆ. ಈಗಲೋ, ಒಂದು ಎಲೆಯ ಹಸಿರಿಗೆ ಬೆಳಗೆಲ್ಲ ಒದ್ದಾಡುತ್ತೇನೆ. ಆ ಸಂಜೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ನುಂಗು ಕಣೇ ಎಂದಳು. ಕೆಲಸ ಬಿಟ್ಟುಬಿಡು, ಕಂಡವರ ಬಾಯಿಗೆ ಬೀಳುವುದು ಬೇಡ ಎಂದೂ ಸೇರಿಸಿದಳು. ಮೊದಲನೆಯ ಮಾತನ್ನು ಕೇಳಿದೆ. ಎರಡನೆಯದಕ್ಕೆ ಸಿಟ್ಟು ನೆತ್ತಿಗೇರಿತು.

ಬೆಳಿಗ್ಗೆ ಸಾಮಾನಿನ ಕೋಣೆಯಿಂದ ಅರಮನೆಯ ಪರದೆಯನ್ನು ಎಳೆದು ತಂದೆ. ಆಸ್ಪತ್ರೆ ಸೇರುವ ಮುಂಚೆ, ತಲೆ ಪೂರ್ತಿ ಕೆಟ್ಟಿದ್ದಾಗ ಬರೆದದ್ದು. ಬಣ್ಣ ಹಾಳಾಯಿತೆಂದು ನೆಪ ಹೇಳಿ, ಯಾರೂ ನೋಡುವ ಮೊದಲೇ ಅಕ್ಕ ಅದನ್ನು ಸುತ್ತಿಟ್ಟಿದ್ದಳು. ನೆಲದ ಮೇಲೆ ಬಿಚ್ಚಿದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಒಂದೊಂದು ಇಟ್ಟಿಗೆಯಲ್ಲೂ ಒಂದೊಂದು ಮುಖ, ಮುಖದ ಕಣ್ಣಲ್ಲಿ ಕಿಟಕಿ. ನಾನು ಹೇಳಲಿಲ್ಲವೇ ಎಂಬಂತೆ ನಿರ್ದೇಶಕರು ನಕ್ಕರು. ಪರದೆಯನ್ನು ಮೇಲೆತ್ತಿಸಿ, ನಾಯಕನನ್ನು ಅದರ ಮುಂದೆ ನಿಲ್ಲಿಸಿ, ಉಳಿದವರನ್ನು ಕೊನೆಯ ಸಾಲಿಗೆ ಕರೆದೊಯ್ದೆ.

ಅಲ್ಲಿಂದ ಅರಮನೆಯೇ ಇರಲಿಲ್ಲ. ಬರೀ ಕೆಸರು ಬಣ್ಣ. ನಾಯಕ ಅದರಲ್ಲಿ ಕಲಸಿಹೋಗಿ ಅವನ ಬಿಳಿ ಷೂ ಮಾತ್ರ ಕಾಣುತ್ತಿತ್ತು. ಬರೆಯುವಾಗ ನಾನು ಒಂದು ಸಲವೂ ಇಲ್ಲಿಗೆ ಬಂದು ಕೂತಿರಲಿಲ್ಲ. ಕೂರುವುದು ಆಗ ನನ್ನಿಂದಾಗುತ್ತಿರಲಿಲ್ಲ.

"ನೀವು ಕೇಳ್ತಿರೋ ಹುಚ್ಚು ಇದು," ಎಂದೆ. "ಕಾಡು ಬರೆದದ್ದು ಆಸ್ಪತ್ರೆಯಿಂದ ಬಂದ್ಮೇಲೆ, ಮಾತ್ರೆ ನುಂಗ್ಕೊಂಡು."

ನಿರ್ದೇಶಕರು ಏನೋ ಹೇಳಹೊರಟರು. ಅಷ್ಟರಲ್ಲಿ ಅಕ್ಕ ಎದ್ದು ನಿಂತಳು.

"ಇವಳನ್ನ ಈ ಪರದೆ ಮೇಲಿಂದ ಎಬ್ಬಿಸಿ ಆಸ್ಪತ್ರೆಗೆ ಕರ್ಕೊಂಡು ಹೋದವಳು ನಾನು ಸರ್. ನನ್ನ ಗುರುತೇ ಸಿಕ್ಕಿರ್ಲಿಲ್ಲ ಇವಳಿಗೆ. ಅದರಲ್ಲಿ ಚಂದ ಅನ್ನೋದು ಏನೂ ಇರ್ಲಿಲ್ಲ."

ನಿರ್ದೇಶಕರು, ಹೀಗೆ ನಿಧಾನವಾಗಿ ಬರೆದರೆ ಸಮುದ್ರ ಪ್ರದರ್ಶನಕ್ಕೆ ಮುಗಿಯುತ್ತದೆಯೇ ಎಂದು ಗೊಣಗಿದರು. ಬೇರೆಯವರು ಬೇಕಾದರೆ ಈಗಲೇ ಹುಡುಕಿಕೊಳ್ಳಿ, ನಾನೇ ಬರೆಯುವುದಾದರೆ ಸಂಜೆ ಮನೆಗೆ ಹೋಗಿ ಮಾತ್ರೆ ನುಂಗಿ ಮಲಗುವವಳೇ ಎಂದೆ.

ಅವರ ಉತ್ತರಕ್ಕೆ ಕಾಯದೆ ಅರಮನೆಯನ್ನು ಕೆಳಗಿಳಿಸಿ ಹಾಸಿದೆ. ಬಕೆಟ್ಟಿನಲ್ಲಿ ಬಿಳಿ ಬಣ್ಣ ಕಲಸಿ, ಅಗಲದ ಬ್ರಷ್ಷಿನಿಂದ ಮುಖಗಳ ಮೇಲೆ ಬಳಿಯತೊಡಗಿದೆ. ಒಂದು ಮುಖವನ್ನು ಮಾತ್ರ ಕೊನೆಗೆಂದು ಉಳಿಸಿಕೊಂಡೆ, ಸುಳ್ಳೇಕೆ ಹೇಳಲಿ. ಅದನ್ನೇಕೆ ಅಳಿಸುತ್ತೀರಿ ಎಂದು ನಿರ್ದೇಶಕರು ಓಡಿಬಂದರು.

"ಬಟ್ಟೆ ಗಟ್ಟಿಯಾಗಿದೆ," ಎಂದೆ. "ಸಮುದ್ರ ಇದರ ಮೇಲೇ ಬರೀತೀನಿ. ಚಪ್ಪಲಿ ಬಿಟ್ಟು ಬನ್ನಿ."